ತಾಮ್ರದ ಮೇಲೆ ಆರು ಕೊತ್ತಲ: ವೋಬಾನ್ ನಕ್ಷೆ, ಕಾಲೊ ವಾರ್ನಿಷ್

240 × 300 ಮಿ.ಮೀ. ಅಳತೆಯ ತಾಮ್ರದ ತಗಡು. ಮೇಲಿನ ಭಾಗದಲ್ಲಿ ಆರು ಕೊತ್ತಲಗಳ ಕೋಟೆಯ ನಕ್ಷೆ. ಕೆಳಗಿನ 70 ಮಿ.ಮೀ. ಪಟ್ಟಿಯಲ್ಲಿ ಗೋಡೆಯ ಅಡ್ಡಸೀಳು ಮತ್ತು ಒಂದೇ ಒಂದು ಕೊತ್ತಲದ ಮೇಲುನೋಟ. 17ನೇ ಶತಮಾನದ ಕೋಟೆಶಾಸ್ತ್ರದ ಪುಸ್ತಕಗಳಿಗೆ ಬೇಕಾಗುತ್ತಿದ್ದ ಫಲಕದಂಥದು. ಕೊರೆಯುವ ವಿಧಾನವೂ ಆ ಕಾಲದ್ದೇ, ಆಮ್ಲ ಮಾತ್ರ ಈಗಿನದು.

ಇಲ್ಲಿ ಎರಡು ಪರಂಪರೆಗಳು ಬೆರೆತಿವೆ. ಕೊರೆಯುವ ವಿಧಾನ ಎಚಿಂಗ್ ಕಲಾವಿದ ಝಾಕ್ ಕಾಲೊನದು (1592–1635). ಅದನ್ನು ಬರೆದಿಟ್ಟವನು ಫ್ರೆಂಚ್ ಕೆತ್ತನೆಗಾರ ಅಬ್ರಹಾಂ ಬೊಸ್. ಆಮ್ಲದಿಂದ ತಾಮ್ರ ಕೊರೆಯುವುದರ ಬಗ್ಗೆ ಅವನ ಕೈಪಿಡಿ 1645ರಲ್ಲಿ ಪ್ಯಾರಿಸ್‌ನಲ್ಲಿ ಅಚ್ಚಾಯಿತು. ಕೋಟೆಯ ಲೆಕ್ಕ ಮಾತ್ರ ಕಾಲೊ ಸತ್ತ ಮೇಲಿನದು: ಫ್ರೆಂಚ್ ಸೇನಾ ಎಂಜಿನಿಯರ್ ವೋಬಾನ್‌ನ (1633–1707) ‘ಮೊದಲ ಪದ್ಧತಿ’. ಈ ಹೆಸರು ಅವನು ಇಟ್ಟದ್ದಲ್ಲ, ಅವನ ಕೋಟೆಗಳನ್ನು ಅಳೆದು ಪಾಠ ಮಾಡಿದವರು ಇಟ್ಟದ್ದು. ಕಾಲೊ ಕಾಲದ್ದೇ ಆಗಬೇಕೆನ್ನುವವರು ಡಚ್ ಪದ್ಧತಿ ಹಿಡಿಯಬಹುದು. ಅದರಲ್ಲಿ ಕೊತ್ತಲದ ಪಕ್ಕೆ ನೇರಗೋಡೆಗೆ (ಎರಡು ಕೊತ್ತಲಗಳ ನಡುವಿನ ಗೋಡೆಗೆ) ಲಂಬವಾಗಿರುತ್ತದೆ, ಬಿಡಿಸುವುದೂ ಸುಲಭ. ನೋಡುವುದಕ್ಕೆ ವೋಬಾನ್‌ನದೇ ಚೆಂದ ಅನ್ನುವುದು ನಮ್ಮ ಪಕ್ಷಪಾತ.

ಇಂಥ ಫಲಕದಲ್ಲಿ ಗೆರೆಯ ದಪ್ಪ ಅಲಂಕಾರವಲ್ಲ. ಯಾವುದು ಕಲ್ಲಿನ ಗೋಡೆ, ಯಾವುದು ಮಣ್ಣಿನ ಇಳಿಜಾರು, ಯಾವುದು ಬರೀ ಗುಂಡಿನ ದಾರಿ ಎಂದು ಹೇಳುವುದು ದಪ್ಪವೇ. ತಗಡಿಗೆ ವಾರ್ನಿಷ್ ಬಳಿದು ಸೂಜಿಯಿಂದ ಗೀರಿದಲ್ಲಿ ಮಾತ್ರ ಆಮ್ಲ ತಾಮ್ರವನ್ನು ತಿನ್ನುತ್ತದೆ, ಆ ಗೆರೆಯಲ್ಲಿ ಮಸಿ ತುಂಬಿ ಅಚ್ಚು ತೆಗೆಯುವುದು. ದಪ್ಪ ಬರುವುದು ಎರಡು ಕಡೆಯಿಂದ: ಸೂಜಿಯ ಮೊನೆಯಿಂದ, ಆಮ್ಲದಲ್ಲಿಟ್ಟ ನಿಮಿಷಗಳಿಂದ. ಆದ್ದರಿಂದ ಯಾವ ಗೆರೆ ಯಾವ ಗುಂಪಿಗೆ ಸೇರುತ್ತದೆ ಎಂಬುದು ಕಾಗದದ ಮೇಲೇ ತೀರ್ಮಾನವಾಗಿರಬೇಕು.

ನಕ್ಷೆಯ ಲೆಕ್ಕ

ಅಳತೆ ತುವಾಸ್‌ನಲ್ಲಿ. ಒಂದು ತುವಾಸ್ ಎಂದರೆ 6 ಫ್ರೆಂಚ್ ಅಡಿ, ಸುಮಾರು 1.949 ಮೀಟರ್. ಷಟ್ಕೋನದ ಹೊರಬಾಹು 180 ತುವಾಸ್. ತಗಡಿನ ಮೇಲೆ ಅದಕ್ಕೆ 72 ಮಿ.ಮೀ. ಕೊಟ್ಟಿದ್ದೇವೆ, ಒಂದು ತುವಾಸ್‌ಗೆ 0.4 ಮಿ.ಮೀ., ಅಂದರೆ ಸುಮಾರು 1:4870. 72 ಅನ್ನು ಆರಿಸಿದ್ದಕ್ಕೆ ಕಾರಣ ಅದು 6ರಿಂದ ಭಾಗವಾಗುತ್ತದೆ ಎಂಬುದು. ಷಟ್ಕೋನವಾದ್ದರಿಂದ ಹೊರವೃತ್ತದ ತ್ರಿಜ್ಯವೂ 72 ಮಿ.ಮೀ.; ಕೈವಾರವನ್ನು ಅಷ್ಟಕ್ಕೇ ಇಟ್ಟು ಸುತ್ತ ಆರು ಗುರುತು ಹಾಕಿದರೆ ಮುಗಿಯಿತು.

ಒಂದು ಬಾಹುವನ್ನು ಹಿಡಿಯಿರಿ. ಎಡತುದಿ ಕ, ಬಲತುದಿ ಖ, ನಡುಬಿಂದು ಮ. ಮ ಬಿಂದುವಿನಿಂದ ಒಳಮುಖವಾಗಿ ಬಾಹುವಿನ ಆರನೇ ಒಂದರಷ್ಟು, 12 ಮಿ.ಮೀ. ಲಂಬ ಇಳಿಸಿ; ಅದರ ತುದಿ ಗ. ಚೌಕದ ಕೋಟೆಗಾದರೆ ಇದು ಎಂಟನೇ ಒಂದು, ಪಂಚಭುಜಕ್ಕೆ ಏಳನೇ ಒಂದು, ಷಟ್ಕೋನ ಮತ್ತು ಮೇಲಿನವಕ್ಕೆಲ್ಲ ಆರನೇ ಒಂದು. ಈ ವ್ಯತ್ಯಾಸ ಯಾಕೆಂದರೆ ಕೊತ್ತಲದ ಮೊನೆ 60 ಡಿಗ್ರಿಗಿಂತ ಕಿರಿದಾಗಬಾರದು. ತೀರ ಚೂಪಾದ ಮೊನೆಯೊಳಗೆ ಫಿರಂಗಿಗೆ ಜಾಗವಿರುವುದಿಲ್ಲ, ಗುಂಡು ಬಿದ್ದರೆ ತುದಿ ಬೇಗ ಮುರಿಯುತ್ತದೆ. ಲೆಕ್ಕ ಹಾಕಿದರೆ ಚೌಕಕ್ಕೆ ಸುಮಾರು 62 ಡಿಗ್ರಿ, ಪಂಚಭುಜಕ್ಕೆ 76, ನಮ್ಮ ಷಟ್ಕೋನಕ್ಕೆ 83. ಚೌಕಕ್ಕೂ ಆರನೇ ಒಂದನ್ನೇ ಹಾಕಿದ್ದರೆ ಮೊನೆ 53 ಡಿಗ್ರಿಗೆ ಇಳಿಯುತ್ತಿತ್ತು.

ಕ–ಗ ಗೆರೆಯನ್ನು, ಖ–ಗ ಗೆರೆಯನ್ನು ಗ ದಾಟಿ ಮುಂದಕ್ಕೆ ಎಳೆಯಿರಿ. ಇವು ರಕ್ಷಣಾರೇಖೆಗಳು. ಕ ಬಿಂದುವಿನಿಂದ ಬಾಹುವಿನ ಏಳನೇ ಎರಡರಷ್ಟು, 20.6 ಮಿ.ಮೀ. ಅಳೆದರೆ ಕೊತ್ತಲದ ಮುಖ ಮುಗಿಯುವ ಭುಜ, ಅದು ಚ. ಬಲಗಡೆಯ ಭುಜ ಜ. ಈಗ ಕೈವಾರದ ಮೊನೆ ಚ ಮೇಲೆ, ಬಾಯಿ ಜ ತನಕ. ಸುಮಾರು 33 ಮಿ.ಮೀ. ಬರುತ್ತದೆ. ಆ ಕಂಸ ಕ–ಗ ರಕ್ಷಣಾರೇಖೆಯನ್ನು ಮುಂದೆ ಕಡಿಯುವಲ್ಲಿ ಟ. ಜ–ಟ ಸೇರಿಸಿದರೆ ಬಲಕೊತ್ತಲದ ಪಕ್ಕೆ. ಇನ್ನೊಂದು ಕಡೆಯೂ ಹೀಗೇ ಮಾಡಿ ಎರಡು ಪಕ್ಕೆಗಳ ಬುಡ ಸೇರಿಸಿದರೆ ನೇರಗೋಡೆ.

ಸರಿಯಾಗಿದೆಯೇ ಎಂದು ನೋಡಲು: ಪಕ್ಕೆ 10.6 ಮಿ.ಮೀ., ನೇರಗೋಡೆ 29.6 ಮಿ.ಮೀ., ಕ–ಟ 53.5 ಮಿ.ಮೀ. ಬರಬೇಕು. ಆರೂ ಬಾಹುಗಳಲ್ಲಿ 0.2 ಮಿ.ಮೀ. ಒಳಗೆ ಹೊಂದದಿದ್ದರೆ ಷಟ್ಕೋನವೇ ಡೊಂಕು. ಗೋಡೆಗಳನ್ನು ಎಳೆದು ತಳ್ಳಿ ಸರಿಮಾಡಲು ಹೋಗಬೇಡಿ, ವೃತ್ತದಿಂದ ಮತ್ತೆ ಶುರುಮಾಡಿ. ಕ–ಟ ನಿಜ ಅಳತೆಯಲ್ಲಿ 133.8 ತುವಾಸ್, ಸುಮಾರು 261 ಮೀಟರ್. ಪಕ್ಕೆಯಲ್ಲಿ ನಿಂತವನ ಗುಂಡು ಎದುರು ಕೊತ್ತಲದ ಮೊನೆಯವರೆಗೆ ಹೋಗಬೇಕಾದ ದೂರ ಅದು. ಪಕ್ಕೆಗೂ ಈ ರೇಖೆಗೂ ನಡುವಿನ ಕೋನ 80.8 ಡಿಗ್ರಿ, ಹೆಚ್ಚುಕಡಿಮೆ ನೆಟ್ಟಗೆ. ಹಾಗಾಗಿ ಪಕ್ಕೆಯ ಫಿರಂಗಿ ಓರೆಯಾಗದೆ ಎದುರಿನ ಮುಖದ ಉದ್ದಕ್ಕೂ ಹೊಡೆಯುತ್ತದೆ. ದುಂಡು ಬುರುಜಿನ ಮುಂದೆ ಯಾವ ಪಕ್ಕದಿಂದಲೂ ಕಾಣದ ಒಂದು ಮೂಲೆ ಉಳಿಯುತ್ತದೆ. ಆ ಮೂಲೆಯನ್ನು ಇಲ್ಲವಾಗಿಸುವುದಕ್ಕೇ ಇಷ್ಟೆಲ್ಲ ಜ್ಯಾಮಿತಿ.

ಕಂದಕಕ್ಕೆ ಪ್ರತಿ ಮೊನೆಯನ್ನು ಕೇಂದ್ರವಾಗಿಟ್ಟು 20 ತುವಾಸ್, ಅಂದರೆ 8 ಮಿ.ಮೀ. ಕಂಸ. ಆ ಕಂಸಕ್ಕೆ ಎದುರು ಕೊತ್ತಲದ ಭುಜದಿಂದ ಸ್ಪರ್ಶರೇಖೆ. ಎರಡು ಕಡೆಯ ಸ್ಪರ್ಶರೇಖೆಗಳು ನೇರಗೋಡೆಯ ಮುಂದೆ ಕೂಡುವ ಒಳಮೂಲೆಯಿಂದ ಹೊರಕ್ಕೆ 55 ತುವಾಸ್, 22 ಮಿ.ಮೀ. ಅಳೆದರೆ ರಾವೆಲಿನ್‌ನ (ನೇರಗೋಡೆಯ ಮುಂದೆ ಬಿಡಿಯಾಗಿ ನಿಲ್ಲುವ ತ್ರಿಕೋನ ಹೊರಕೋಟೆಯ) ಮೊನೆ. ಅಲ್ಲಿಂದ ಎರಡೂ ಭುಜಗಳ ಕಡೆಗೆ ಗೆರೆ ಹಿಡಿದು ಕಂದಕದ ಅಂಚಿನಲ್ಲಿ ನಿಲ್ಲಿಸಿ. ರಾವೆಲಿನ್ ಸುತ್ತ 12 ತುವಾಸ್ ಕಂದಕ (4.8 ಮಿ.ಮೀ.), ಆಮೇಲೆ 5 ತುವಾಸ್‌ನ ಮರೆದಾರಿ (2 ಮಿ.ಮೀ.), ಅಂದರೆ ಕಂದಕದ ಹೊರ ಅಂಚಿನಲ್ಲಿ ಸೈನಿಕರು ಮರೆಯಲ್ಲಿ ಓಡಾಡುವ ದಾರಿ, ಅದರಾಚೆ 20 ತುವಾಸ್ ಗ್ಲಾಸಿ (8 ಮಿ.ಮೀ.), ಹೊಲದ ಮಟ್ಟಕ್ಕೆ ಮೆಲ್ಲಗೆ ಇಳಿಯುವ ಮಣ್ಣಿನ ಇಳಿಜಾರು. ಮರೆದಾರಿಯ ಒಳಮೂಲೆಗಳಲ್ಲಿ ಸೈನಿಕರು ಒಟ್ಟುಗೂಡುವ ಅಂಗಳಗಳನ್ನು ಈ ಅಳತೆಯಲ್ಲಿ ಬಿಟ್ಟಿದ್ದೇವೆ. ಇಟ್ಟರೆ ಗ್ಲಾಸಿಯ ಗೆರೆಗಳಿಗೆ ಜಾಗವಿರುವುದಿಲ್ಲ.

ರಾವೆಲಿನ್ ಮೊನೆಯಲ್ಲಿ ಗ್ಲಾಸಿ 8 ಮಿ.ಮೀ.ಗೆ ನಿಲ್ಲುವುದಿಲ್ಲ, ಎರಡು ಸಮಾಂತರ ರೇಖೆಗಳು ಕೂಡುವಲ್ಲಿ 15 ಮಿ.ಮೀ. ತನಕ ಚಾಚುತ್ತದೆ. ಒಟ್ಟು ಅಗಲ 212 ಮಿ.ಮೀ. ಇದನ್ನು ಮೊದಲೇ ಎಣಿಸದೆ 200 ಮಿ.ಮೀ. ತಗಡು ಕೊಂಡರೆ ಮೂಲೆಗಳು ಹೊರಗೆ ಉಳಿಯುತ್ತವೆ. ರಾವೆಲಿನ್‌ಗಳು ಎಡಬಲಕ್ಕೆ ಬರುವಂತೆ ತಿರುಗಿಸಿದರೆ ಎತ್ತರ 188 ಮಿ.ಮೀ.ಗೆ ಇಳಿದು ಕೆಳಗಿನ ಪಟ್ಟಿಗೆ ಜಾಗ ಸಿಗುತ್ತದೆ.

ಅಡ್ಡಸೀಳಿಗೆ ಇಷ್ಟು ಸಾಕು: ಕಂದಕದ ತಳದಿಂದ 30 ಅಡಿ ಕಲ್ಲುಗೋಡೆ, ಮೇಲೆ 5 ಅಡಿ ದಪ್ಪ, ಹೊರಮೈ ಐದಕ್ಕೆ ಒಂದರಂತೆ ಓರೆ. ಬುಡದಲ್ಲಿ 11 ಅಡಿ ಬರುತ್ತದೆ. ಅದರ ಹಿಂದೆ ಮಣ್ಣಿನ ಆಳುವೇರಿ, ಮೇಲೆ 18 ಅಡಿ ದಪ್ಪದ ಎದೆಗೋಡೆ. ಕೊತ್ತಲದ ನೋಟಕ್ಕೆ ‘ಸೈನಿಕ ಪರ್ಸ್‌ಪೆಕ್ಟಿವ್’: ನಕ್ಷೆಯನ್ನು ಓರೆಯಾಗಿ ತಿರುಗಿಸಿ, ಅದರ ಆಕಾರ ಕೆಡಿಸದೆ, ಎತ್ತರಗಳನ್ನು ಮಾತ್ರ ನೆಟ್ಟಗೆ ನಿಲ್ಲಿಸುವುದು. ದೂರದ ಗೋಡೆ ಚಿಕ್ಕದಾಗುವುದಿಲ್ಲ, ಅಳತೆಪಟ್ಟಿ ಎಲ್ಲಿಟ್ಟರೂ ಸರಿ. ಬೊಸ್ ಸ್ವತಃ ಜ್ಯಾಮಿತಿಜ್ಞ ದೆಸಾರ್ಗ್‌ನ ಪರ್ಸ್‌ಪೆಕ್ಟಿವ್ ವಿಧಾನದ ಕಟ್ಟಾ ಪ್ರತಿಪಾದಕ, 1648ರಲ್ಲಿ ಅದರ ಮೇಲೆ ಪುಸ್ತಕವನ್ನೇ ತಂದವನು. ಅವನಿಗೆ ಇದು ಹಿಡಿಸುತ್ತಿತ್ತೋ ಇಲ್ಲವೋ. ಎಂಜಿನಿಯರಿಗಂತೂ ಕಣ್ಣಿಗೆ ಕಂಡಂತೆ ಇರುವುದಕ್ಕಿಂತ ಅಳೆಯಲು ಬರುವುದು ಮುಖ್ಯವಾಗಿತ್ತು. ಇಲ್ಲಿ ಒಂದು ತುವಾಸ್‌ಗೆ 0.8 ಮಿ.ಮೀ. ಹಿಡಿದಿದ್ದೇವೆ. 30 ಅಡಿ ಗೋಡೆ 4 ಮಿ.ಮೀ. ಮಾತ್ರ ಬರುತ್ತದೆ, 41 ಮಿ.ಮೀ. ಉದ್ದದ ಮುಖದ ಮುಂದೆ ಕುಳ್ಳಗೆ ಕಾಣುತ್ತದೆ. ಈ ಕೋಟೆಗಳು ಇದ್ದದ್ದೇ ಹಾಗೆ ಕುಳ್ಳಗೆ. ಎತ್ತರವಾಗಿ ನಿಂತರೆ ಫಿರಂಗಿಗೆ ಗುರಿ. ಸಕಲೇಶಪುರದ ಹತ್ತಿರದ ಮಂಜರಾಬಾದ್ ಕೋಟೆಯನ್ನು ನೋಡಿದವರಿಗೆ ಇದು ಗೊತ್ತು. ಟಿಪ್ಪುವಿನ ಕಾಲದ ಆ ಎಂಟು ಮೂಲೆಯ ನಕ್ಷತ್ರವೂ ಈ ಯುರೋಪಿಯನ್ ವಂಶದ್ದೇ. ಅದರ ಆಕಾರ ಮೇಲಿನಿಂದ ನೋಡಿದರಷ್ಟೇ ತಿಳಿಯುತ್ತದೆ, ಕೆಳಗೆ ನಿಂತವರಿಗೆ ಕಾಣುವುದು ಬರೀ ಓರೆಗೋಡೆ.

ತಗಡು

18 ಗೇಜ್ ತಾಮ್ರ, ಸುಮಾರು 1.2 ಮಿ.ಮೀ. ದಪ್ಪ; ಈ ಅಳತೆಗೆ ಮುಕ್ಕಾಲು ಕಿಲೋ ತೂಗುತ್ತದೆ. ಅಂಗಡಿಯಲ್ಲಿ ಕತ್ತರಿಯಿಂದಲ್ಲ, ಶಿಯರಿಂಗ್ ಯಂತ್ರದಲ್ಲಿ ಕತ್ತರಿಸಿಕೊಡಲು ಹೇಳಿ. ಕತ್ತರಿ ಪೆಟ್ಟಿಗೆ ಅಂಚು ಮಡಿದರೆ ಪ್ರೆಸ್ಸಿನಲ್ಲಿ ತಗಡು ಕುಲುಕಾಡುತ್ತದೆ. ನಾಲ್ಕೂ ಅಂಚನ್ನು 45 ಡಿಗ್ರಿಗೆ 2–3 ಮಿ.ಮೀ. ಅಗಲ ಅರದಿಂದ ಇಳಿಸಿ, ಮೂಲೆ ದುಂಡಗೆ ಮಾಡಿ. ಇಳಿಸದ ಅಂಚು ಒದ್ದೆ ಕಾಗದವನ್ನೂ ದುಬಾರಿ ಫೆಲ್ಟನ್ನೂ ಕತ್ತರಿಸುತ್ತದೆ.

ಮೈಯನ್ನು 600, 1000, 1500ರ ನೀರುಕಾಗದದಿಂದ ಕ್ರಮವಾಗಿ ತಿಕ್ಕಿ, ಕೊನೆಗೆ ಎಣ್ಣೆ ಹಚ್ಚಿ ಬರ್ನಿಷರ್ (ಒತ್ತಿ ಉಜ್ಜುವ ನುಣುಪು ಉಕ್ಕಿನ ಉಪಕರಣ). ಒಂದು ಗೀರು ಉಳಿದರೂ ಗ್ಲಾಸಿಯ ಮೇಲೆ ಇಲ್ಲದ ದಾರಿಯೊಂದು ಅಚ್ಚಾಗುತ್ತದೆ. ಕಪ್ಪು ಹೋಗಲು ಹುಣಸೆಹಣ್ಣು, ಉಪ್ಪು. ಇದು ಕಿಲುಬು ತೆಗೆಯುತ್ತದೆ, ಜಿಡ್ಡು ತೆಗೆಯುವುದಿಲ್ಲ. ಜಿಡ್ಡಿಗೆ ಸೀಮೆಸುಣ್ಣದ ಪುಡಿಯನ್ನು ಒಂದೆರಡು ಹನಿ ಅಮೋನಿಯದಲ್ಲಿ ಕಲಸಿ ಉಜ್ಜಿ. ನೀರು ಮೈತುಂಬ ಹಾಳೆಯಂತೆ ನಿಲ್ಲಬೇಕು. ಹನಿಹನಿಯಾಗಿ ಸರಿದರೆ ಅಲ್ಲಿ ಜಿಡ್ಡಿದೆ, ನಾಳೆ ಅಲ್ಲೇ ವಾರ್ನಿಷ್ ಎದ್ದುಬರುತ್ತದೆ.

ವಾರ್ನಿಷ್

ಈಗಿನ ಸ್ಟುಡಿಯೊಗಳಲ್ಲಿ ಸಾಮಾನ್ಯವಾಗಿ ಜೇನುಮೇಣ 2, ಆಸ್ಫಾಲ್ಟಂ 2, ರಾಳ 1 ಪಾಲಿನ ಗ್ರೌಂಡ್ (ಆಮ್ಲ ತಡೆಯುವ ಲೇಪ) ಬಳಸುತ್ತಾರೆ. ಸೂಜಿಗೆ ಅದು ಸಾಕು. ಎಶೋಪ್‌ಗೆ (ಕಾಲೊ ಬಳಸಿದ ಓರೆಮೊನೆಯ ಉಕ್ಕಿನ ಕಡ್ಡಿ, ವಿವರ ಮುಂದಿದೆ) ಸಾಲದು: ಅದರ ಓರೆಮೊನೆ ಅಗಲಗೆರೆ ಕೊರೆಯುವಾಗ ಮೇಣ ಸುರುಳಿಯಾಗಿ ಏಳುತ್ತದೆ, ಗೆರೆಯ ಅಂಚು ಹರಿಯುತ್ತದೆ. ಕಾಲೊ ಮೇಣ ಬಿಟ್ಟು ಒಣಗುವ ಎಣ್ಣೆಯ ಗಟ್ಟಿ ವಾರ್ನಿಷ್ ಹಿಡಿದದ್ದು ಇದಕ್ಕೇ. ಅದನ್ನು ಲ್ಯೂಟ್ ಮಾಡುವವರಿಂದ ಪಡೆದನೆಂದು ಹೇಳುತ್ತಾರೆ.

ಅವನ ಹೆಸರಿನಲ್ಲಿ ಬಂದಿರುವ ಪಾಕ ಸರಳ: ಅಗಸೆ ಎಣ್ಣೆ ಮತ್ತು ಮಸ್ತಗಿ ಅಂಟು, ಸಮತೂಕ. ಈ ತಗಡಿಗೆ 30 ಗ್ರಾಂ, 30 ಗ್ರಾಂ ಬೇಕಾದಷ್ಟಾಯಿತು. ಗ್ರಂಥಿಗೆ ಅಂಗಡಿಯಲ್ಲಿ ‘ರೂಮಿ ಮಸ್ತಗಿ’ ಎಂದು ಕೇಳಿ. ಬೆಲೆ ಜಾಸ್ತಿ, ಕಲಬೆರಕೆಯೂ ಉಂಟು. ಒಂದು ಹರಳು ಅಗಿದು ನೋಡಿ: ಮಸ್ತಗಿ ಹಲ್ಲಿಗೆ ಮೆತ್ತಗಾಗಿ ಉಂಡೆಗಟ್ಟುತ್ತದೆ, ಬೇರೆ ಅಂಟಾದರೆ ಪುಡಿಯಾಗುತ್ತದೆ. ಕಲಾವಿದರ ಅಂಗಡಿಯ ಶುದ್ಧ ಅಗಸೆ ಎಣ್ಣೆ ತರಬೇಕು. ಬಾಗಿಲಿಗೆ ಬಳಿಯುವ ಎಣ್ಣೆಯಲ್ಲಿ ಡ್ರೈಯರ್ ಬೆರೆಸಿರುತ್ತಾರೆ, ಅದು ಬೇಯುವ ಮೊದಲೇ ಕೆನೆಗಟ್ಟುತ್ತದೆ.

ಎಣ್ಣೆಯನ್ನು ವಿದ್ಯುತ್ ಒಲೆಯ ಮೇಲೆ ಸಣ್ಣ ಉರಿಯಲ್ಲಿ ಕಾಯಿಸಿ ಮಸ್ತಗಿ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಉದುರಿಸಿ, ಕರಗುವತನಕ ಕಲಸಿ. ಬಯಲಲ್ಲಿ ಮಾಡಿ, ಪಕ್ಕದಲ್ಲಿ ಮುಚ್ಚಳ ಇರಲಿ. ಬೆಂಕಿ ಹತ್ತಿದರೆ ಮುಚ್ಚಬೇಕು, ನೀರು ಹಾಕಬಾರದು. ತೆಳುಬಟ್ಟೆಯಲ್ಲಿ ಸೋಸಿ ಗಾಜಿನ ಶೀಶೆಗೆ ತುಂಬಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ಅದು ತಾನಾಗಿ ಹೊತ್ತಿಕೊಳ್ಳಬಹುದು, ನೀರಲ್ಲಿ ನೆನೆಸಿಡಿ.

ತಗಡನ್ನು ಬೆಚ್ಚಗೆ ಮಾಡಿ ಬೆರಳತುದಿಯಿಂದ ಅಲ್ಲಲ್ಲಿ ಚುಕ್ಕೆಯಿಟ್ಟು, ಅಂಗೈಯಿಂದ ತಟ್ಟಿ ತಟ್ಟಿ ಹರಡಿ. ತಾಮ್ರದ ಬಣ್ಣ ಕೆಳಗಿಂದ ಕಾಣುವಷ್ಟು ತೆಳ್ಳಗಿರಬೇಕು. ದಪ್ಪವಾದರೆ ಮೇಲ್ಮೈ ಗಟ್ಟಿಯಾಗಿ ಒಳಗೆ ಹಸಿಯುಳಿದು ಕೊರೆಯುವಾಗ ಚಕ್ಕೆ ಏಳುತ್ತದೆ. ಆಮೇಲೆ ತಗಡನ್ನು ತಲೆಕೆಳಗಾಗಿ ಹಿಡಿದು ನಾಲ್ಕೈದು ಮೇಣದ ಬತ್ತಿ ಕಟ್ಟಿದ ಕಟ್ಟಿನಿಂದ ಮಸಿ ಹಿಡಿಸಿ. ಜ್ವಾಲೆಯ ತುದಿ ತಾಕಬೇಕು, ಬತ್ತಿ ತಾಕಬಾರದು, ಒಂದೇ ಕಡೆ ನಿಲ್ಲಲೂಬಾರದು. ಕೊನೆಗೆ ಬೇಯಿಸುವುದು: ಕೆಳಗಿಂದ ಹದವಾದ ಬಿಸಿ, ಅಂಚಿಗೆ ನಡುವಿಗಿಂತ ಸ್ವಲ್ಪ ಹೆಚ್ಚು. ಹೊಗೆ ಎದ್ದು ಕಡಿಮೆಯಾಗತೊಡಗಿದಾಗ ಅಂಚಿನಲ್ಲಿ ಕಡ್ಡಿಯಿಂದ ಮುಟ್ಟಿ ನೋಡಿ. ಅಂಟಿದರೆ ಇನ್ನೂ ಬೇಕು. ಅಂಟದಿದ್ದರೆ ತಕ್ಷಣ ಇಳಿಸಿ. ಹೆಚ್ಚು ಬೆಂದ ವಾರ್ನಿಷ್ ಗಾಜಿನಂತೆ ಒಡೆಯುತ್ತದೆ, ಎರಡು ಗೆರೆ ಹತ್ತಿರ ಬಂದಲ್ಲಿ ನಡುವಿನ ಪಟ್ಟಿ ಉದುರುತ್ತದೆ. ಇದೇ ತಗಡಿನ ಜೊತೆ 40 × 100 ಮಿ.ಮೀ. ತುಂಡೊಂದಕ್ಕೂ ಇದೇ ಪಾಕ, ಇದೇ ಶಾಖ ಕೊಡಿ. ಆಮ್ಲದ ಸಮಯ ನಿರ್ಧರಿಸುವುದು ಆ ತುಂಡೇ.

ಎಶೋಪ್

ಓರೆಯಾಗಿ ಕತ್ತರಿಸಿದ ಉಕ್ಕಿನ ಕಡ್ಡಿ, ಅಷ್ಟೆ. 1 ಮತ್ತು 2 ಮಿ.ಮೀ. ದಪ್ಪದ ಎರಡು ಸಾಕು. ಮುರಿದ ಸಣ್ಣ ಡ್ರಿಲ್ ಬಿಟ್‌ನ ಹಿಡಿಭಾಗ ನಡೆಯುತ್ತದೆ. ಎಣ್ಣೆಕಲ್ಲಿನ ಮೇಲೆ 45 ಡಿಗ್ರಿಗೆ ಸವೆಸಿದರೆ ಮುಖ ಮೊಟ್ಟೆಯಾಕಾರ ತಾಳುತ್ತದೆ. ಗ್ರೈಂಡರ್ ಹಿಡಿದರೆ ಪದೇಪದೇ ನೀರಿಗದ್ದಿ. ನೀಲಿ ಬಣ್ಣ ಬಂತೆಂದರೆ ಹದ ಹೋಯಿತು.

ತುದಿಯ ಮೇಲೆ ನಿಲ್ಲಿಸಿ ಎಳೆದರೆ ಸಣ್ಣ ಗೆರೆ. ಎಳೆಯುತ್ತಲೇ ಬೆರಳಿನಲ್ಲಿ ಹೊರಳಿಸಿ ಮುಖ ತಗ್ಗಿಸಿದರೆ ಗೆರೆ ಉಬ್ಬುತ್ತದೆ, ಮತ್ತೆ ಎತ್ತಿದರೆ ಕೂದಲಾಗುತ್ತದೆ. ಬ್ಯೂರಿನ್ ಉಳಿಯಿಂದ ತಾಮ್ರವನ್ನೇ ಉತ್ತವರ ಉಬ್ಬುಗೆರೆ ಇದರಿಂದ ಸಿಗುತ್ತದೆ. ಆಮ್ಲದ ಕೆಲಸ ಬ್ಯೂರಿನ್ ಕೆಲಸದಂತೆ ಕಾಣಬೇಕೆಂಬುದು ಬೊಸ್‌ನ ಹಟ. ಅದಕ್ಕೆ ಸಿಮೊನ್ ಫ್ರಿಸಿಯಸ್ ಎಂಬವನನ್ನು ಮಾದರಿಯಾಗಿ ಹೊಗಳುತ್ತಾನೆ.

ತಗಡಿಗೆ ಇಳಿಸುವುದು

ಅಚ್ಚು ಕನ್ನಡಿಬಿಂಬವಾಗುತ್ತದೆ. ಷಟ್ಕೋನ ಎರಡೂ ಕಡೆ ಒಂದೇ ಆದ್ದರಿಂದ ತೊಂದರೆಯಿಲ್ಲ ಅನ್ನಿಸಬಹುದು. ಅಕ್ಷರ, ಅಳತೆಪಟ್ಟಿ, ಎಲ್ಲಕ್ಕಿಂತ ನೆರಳು ಇದಕ್ಕೆ ಸಿಕ್ಕಿಬೀಳುತ್ತವೆ. ಪೆನ್ಸಿಲ್ ನಕ್ಷೆಯನ್ನು ತೆಳು ಕಾಗದದ ಮೇಲೆ ಸರಿಮುಖವಾಗಿ ಬರೆದು, ಕವುಚಿ ವಾರ್ನಿಷ್ ಮೇಲಿಟ್ಟು, ಕಡಿಮೆ ಒತ್ತಡದಲ್ಲಿ ಪ್ರೆಸ್ಸಿನೊಳಗೆ ಒಮ್ಮೆ ಹಾಯಿಸಿದರೆ ಗೆರೆಗಳು ಕಪ್ಪಿನ ಮೇಲೆ ಬೆಳ್ಳಿಯಂತೆ ಕೂರುತ್ತವೆ. 2ಬಿ ಪೆನ್ಸಿಲ್ ಸರಿ. ಗಡಸು ಸೀಸ ಇಳಿಯುವುದಿಲ್ಲ.

ಕೈವಾರ ತಗಡಿಗೆ ಮುಟ್ಟಬಾರದು. ಅದರ ಮೊನೆ ಊರಿದಲ್ಲಿ ವಾರ್ನಿಷ್ ತೂತಾಗಿ, ಪ್ರತಿ ಕೊತ್ತಲದ ತುದಿಯಲ್ಲೂ ಕಪ್ಪು ಚುಕ್ಕೆ ಅಚ್ಚಾಗುತ್ತದೆ. ಲೆಕ್ಕದ ಕಂಸಗಳು ಹೇಗೂ ಕಾಗದದಲ್ಲೇ ಮುಗಿದವು. ಕಂದಕದ ಆರು ದುಂಡುಮೂಲೆ, ರಾವೆಲಿನ್‌ಗಳ ಆರು ದುಂಡುಮೂಲೆ ಮಾತ್ರ ಇಲ್ಲಿ ಬೇಕು. ಅವಕ್ಕೆ ಪ್ಲಾಸ್ಟಿಕ್ ಹಾಳೆಯಲ್ಲಿ 8 ಮತ್ತು 4.8 ಮಿ.ಮೀ. ತ್ರಿಜ್ಯದ ಅಚ್ಚು ಕತ್ತರಿಸಿಟ್ಟುಕೊಳ್ಳಿ. ಸ್ಕೇಲನ್ನೂ ವಾರ್ನಿಷ್ ಮೇಲೆ ಇಡಬೇಡಿ. ಎರಡು ಬದಿಗೆ ಮರದ ಕಾಲಿಟ್ಟ ಸೇತುಹಲಗೆಯ ಅಂಚೇ ಸ್ಕೇಲ್.

ಮುಖದ ಗೆರೆಗಳನ್ನು ಎರಡೂ ಕಡೆ ಮೊನೆಯಿಂದ ಶುರುಮಾಡಿ ಭುಜದ ಕಡೆಗೆ ಎಳೆಯಿರಿ. ಗೆರೆಯ ಶುರು ಕೈಯಲ್ಲಿರುತ್ತದೆ, ಕೊನೆ ಯಾವಾಗಲೂ ಒಂದು ಕೂದಲಷ್ಟು ದಾಟುತ್ತದೆ. ಮೊನೆಯಲ್ಲಿ ದಾಟಿದರೆ ಎರಡು ಮೀಸೆ ಮೂಡುತ್ತದೆ, ಯಾರ ಕಣ್ಣಿಗೂ ಬೀಳುತ್ತದೆ. ಭುಜದಲ್ಲಿ ದಾಟಿದ್ದು ಚುಕ್ಕಿಗೆರೆಯಾಗಿ ಮುಂದುವರಿಯುವ ರಕ್ಷಣಾರೇಖೆಯ ಮೇಲೇ ಬೀಳುತ್ತದೆ, ಕಾಣುವುದೇ ಇಲ್ಲ.

ಗ್ಲಾಸಿಯ ಗೆರೆಗಳು ಏಣಿಗೆ, ಅಂದರೆ ಇಳಿಜಾರಿನ ಮೇಲಂಚಿಗೆ, ಲಂಬ. ಎಶೋಪ್ ಅನ್ನು ಏಣಿಯಲ್ಲಿ ಒತ್ತಿ ಹಿಡಿದು, ಹೊರಕ್ಕೆ ಎಳೆಯುತ್ತ ಹಗುರ ಮಾಡಿದರೆ ಇಳಿಜಾರು ಹೊಲದಲ್ಲಿ ಕರಗಿದಂತಿರುತ್ತದೆ. ಅಂತರ 0.6 ಮಿ.ಮೀ.ಗಿಂತ ಕಡಿಮೆ ಬೇಡ. ಹೊರಚಾಚಿದ ಮೊನೆಗಳಲ್ಲಿ ಲಂಬಗೆರೆಗಳು ಎರಡು ಕಡೆಗೆ ಬಿರಿದು ನಡುವೆ ಬಿಳಿ ತ್ರಿಕೋನ ಉಳಿಯುತ್ತದೆ. ಅಲ್ಲಿ ಮೊನೆಯಿಂದ ಹೊರಮೂಲೆಗೆ ಒಂದು ಬೆನ್ನುಗೆರೆ ಮನಸ್ಸಿನಲ್ಲಿಟ್ಟುಕೊಂಡು, ಉಳಿದ ಗೆರೆಗಳನ್ನು ಏಣಿಯಿಂದಲ್ಲ, ಆ ಬೆನ್ನಿನಿಂದ ಹೊರಡಿಸಿ. ಒಳಮೂಲೆಯಲ್ಲಿ ಇದಕ್ಕೆ ವಿರುದ್ಧ: ಗೆರೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ತಗ್ಗಿನ ಗೆರೆಗೆ ಅರ್ಧ ಮಿ.ಮೀ. ಮೊದಲೇ ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಆಮ್ಲ ಅಲ್ಲಿ ವಾರ್ನಿಷ್ ಅಡಿಯಿಂದ ನುಗ್ಗಿ ಇಡೀ ಮೂಲೆಯನ್ನು ಗುಂಡಿ ಮಾಡುತ್ತದೆ. ಆ ಗುಂಡಿ ಮಸಿ ಹಿಡಿಯುವುದೂ ಇಲ್ಲ, ಒರೆಸುವಾಗ ಬರಿದಾಗಿ ಬೂದುಬಣ್ಣಕ್ಕೆ ಅಚ್ಚಾಗುತ್ತದೆ.

ಇನ್ನು ನೆರಳು. ಅಚ್ಚಿನಲ್ಲಿ ಬೆಳಕು ಎಡಮೇಲಿನಿಂದ ಬರಬೇಕಾದರೆ ತಗಡಿನ ಮೇಲೆ ಅದು ಬಲಮೇಲಿನಿಂದ. ಎತ್ತರದ ಭಾಗಕ್ಕೆ, ಅಂದರೆ ಕೊತ್ತಲ, ರಾವೆಲಿನ್‌ಗೆ, ಬೆಳಕು ಬೀಳದ ಆಚೆ ಬದಿಯ ಅಂಚು ದಪ್ಪ. ತಗ್ಗಿಗೆ ತಿರುಗುಮುರುಗು: ಕಂದಕದ ಹೊರ ಅಂಚಿನಲ್ಲಿ ಬೆಳಕು ಬರುವ ಬದಿಯೇ ದಪ್ಪ, ಏಕೆಂದರೆ ಆ ಅಂಚು ತನ್ನ ನೆರಳನ್ನು ಕೆಳಗೆ ಚೆಲ್ಲುತ್ತದೆ. ಎರಡಕ್ಕೂ ಒಂದೇ ಬದಿ ದಪ್ಪ ಮಾಡಿದರೆ ಕಂದಕ ಎದ್ದು ನಿಂತ ಕಟ್ಟೆಯಂತೆ ಕಾಣುತ್ತದೆ. ಹಳೆಯ ಫಲಕಗಳಲ್ಲೂ ಈ ತಪ್ಪು ಸಿಗುತ್ತದೆ.

ಆಮ್ಲ

ಬೊಸ್‌ನ ಗಟ್ಟಿ ವಾರ್ನಿಷ್‌ಗೆ ವಿನೆಗರ್, ನವಸಾಗರ, ಉಪ್ಪು, ತಾಮ್ರದ ಕಿಲುಬು ಕುದಿಸಿದ ನೀರು. ಓರೆಯಾಗಿ ನಿಲ್ಲಿಸಿದ ತಗಡಿನ ಮೇಲೆ ಮತ್ತೆಮತ್ತೆ ಸುರಿಯುವುದು. ಈಗ ಅದರ ಬದಲು ಫೆರಿಕ್ ಕ್ಲೋರೈಡ್. ಸರ್ಕ್ಯೂಟ್ ಬೋರ್ಡ್ ಮಾಡುವವರಿಗೆ ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಮಾರುವುದೇ ಇದು. ಶೇ. 40ರ ದ್ರಾವಣ 2 ಲೀಟರ್, 375 ಮಿ.ಲೀ. ಬಿಸಿನೀರಿನಲ್ಲಿ 125 ಗ್ರಾಂ ಸಿಟ್ರಿಕ್ ಆಮ್ಲ, ಅಂದರೆ ನಿಂಬೆ ಉಪ್ಪು, ಕರಗಿಸಿ ಆರಿದ ಮೇಲೆ ಅದಕ್ಕೆ ಸೇರಿಸಿ. ಸಿಟ್ರಿಕ್ ಯಾಕೆಂದರೆ ಬರೀ ಫೆರಿಕ್ ಗೆರೆಯೊಳಗೆ ಕಂದು ಗಸಿ ತುಂಬಿ ಕೊರೆತ ನಿಲ್ಲಿಸುತ್ತದೆ, ಸಿಟ್ರಿಕ್ ಆ ಗಸಿಯನ್ನು ಕರಗಿಸುತ್ತದೆ. ಗಟ್ಟಿ ಫೆರಿಕ್ ತಂದಿದ್ದರೆ ಅದನ್ನು ನೀರಿಗೆ ಚೂರುಚೂರೇ ಹಾಕಿ, ಅದರ ಮೇಲೆ ನೀರು ಸುರಿಯಬೇಡಿ, ಕುದಿಯುವಷ್ಟು ಬಿಸಿಯಾಗುತ್ತದೆ. ಕೈಗವಸು, ಕನ್ನಡಕ ಬೇಕೇಬೇಕು. ಟ್ರೇ ಪ್ಲಾಸ್ಟಿಕ್ಕಿನದು, ಸ್ಟೀಲ್ ತಟ್ಟೆಯನ್ನು ಇದು ತಿಂದುಹಾಕುತ್ತದೆ, ನೆಲದ ಮೇಲೆ ಬಿದ್ದ ಕಲೆ ಹೋಗುವುದಿಲ್ಲ.

ತಗಡಿನ ಬೆನ್ನಿಗೆ ಪ್ಯಾಕಿಂಗ್ ಟೇಪ್ ಅಂಟಿಸಿ. ಪರೀಕ್ಷೆಯ ತುಂಡನ್ನು ಮೊದಲು ಕೊರೆದು, ಅಚ್ಚುಹಾಕಿ ನೋಡಿ, ಆಮೇಲೆ ತಗಡು. ದ್ರಾವಣ 25 ಡಿಗ್ರಿ ಸೆಲ್ಸಿಯಸ್ ಇದ್ದಾಗ ನಾವು ಹಿಡಿದ ಒಟ್ಟು ಸಮಯ ಹೀಗೆ: ರಕ್ಷಣಾರೇಖೆಯ ಚುಕ್ಕಿಗಳು ಮತ್ತು ಕೆಳಪಟ್ಟಿಯ ದೂರದ ಭಾಗ 6 ನಿಮಿಷ. ಗ್ಲಾಸಿ, ಮರೆದಾರಿ 14. ಕಂದಕದ ಅಂಚು, ರಾವೆಲಿನ್, ಎದೆಗೋಡೆಯ ಒಳಗೆರೆ 28. ಕೊತ್ತಲ–ನೇರಗೋಡೆಯ ಮುಖ್ಯರೇಖೆ ಮತ್ತು ನೆರಳಿನ ಅಂಚುಗಳು 50. ಎದೆಗೋಡೆಯ ಗೆರೆ ಮುಖ್ಯರೇಖೆಗೆ 1.2 ಮಿ.ಮೀ. ಒಳಗಿದೆ. ಮುಖ್ಯರೇಖೆ 70 ನಿಮಿಷಕ್ಕೆ ಹೋದರೆ ಎರಡರ ನಡುವಿನ ಬಿಳಿ ತೆಳುವಾಗಿ ಗೋಡೆ ಮುದ್ದೆಯಾಗುತ್ತದೆ.

ಪ್ರತಿ ಹಂತದಲ್ಲಿ ತೊಳೆದು, ಪೂರ್ತಿ ಒಣಗಿಸಿ, ಮುಗಿದ ಗೆರೆಗಳನ್ನು ಮುಚ್ಚಬೇಕು. ಮೇಣದ ಗ್ರೌಂಡ್‌ಗೆ ಅಭ್ಯಾಸವಾದವರ ಕೈ ಇಲ್ಲಿ ಅರಗಿನ ಪಾಲಿಶ್ ಕಡೆಗೆ ಹೋಗುತ್ತದೆ. ಹೋಗಬಾರದು: ಸ್ಪಿರಿಟ್ ಮಸ್ತಗಿಯನ್ನು ಕರಗಿಸುತ್ತದೆ, ಟರ್ಪೆಂಟೈನ್ ಕೂಡ. ಬೊಸ್ ಕಾಲದಲ್ಲಿ ಎಣ್ಣೆ ಬೆರೆಸಿದ ಕೊಬ್ಬು ಹಚ್ಚುತ್ತಿದ್ದುದಕ್ಕೆ ಕಾರಣವಿದೆ. ಅದು ವಾರ್ನಿಷ್ ತಂಟೆಗೆ ಹೋಗುವುದಿಲ್ಲ. ನಮ್ಮದು ಜೇನುಮೇಣ 1 ಪಾಲು, ಅಡುಗೆ ಎಣ್ಣೆ 2 ಪಾಲು, ಕಾಣಲಿ ಎಂದು ಚಿಟಿಕೆ ಮಸಿ. ಬೆಚ್ಚಗಿರುವಾಗ ಕುಂಚದಿಂದ ದಪ್ಪವಾಗಿ ಹಚ್ಚುವುದು. ತೇವ ಉಳಿದ ಗೆರೆಯ ಮೇಲೆ ಹಚ್ಚಿದರೆ ಅದು ಹಿಡಿಯದೆ, ಆಮ್ಲದಲ್ಲಿ ತೇಲಿಹೋಗುತ್ತದೆ.

ಹಂತಹಂತವಾಗಿ ಮುಚ್ಚುವ ಈ ಕ್ರಮವನ್ನು ಕಾಲೊ ಎಷ್ಟು ದೂರ ಎಳೆದನೆಂದು ಅವನ ‘ಬ್ರೆಡಾ ಮುತ್ತಿಗೆ’ ಚಿತ್ರದಲ್ಲಿ ನೋಡಬೇಕು. ಬ್ರೆಡಾ ಎಂದರೆ ಸ್ಪೇನಿನ ಸೇನಾಪತಿ ಸ್ಪಿನೊಲಾನ ಸೇನೆ 1625ರಲ್ಲಿ ಗೆದ್ದ ಊರು. ರಾಜಕುಮಾರಿ ಇಸಾಬೆಲ್ ಬೇಡಿಕೆಯ ಮೇರೆಗೆ ಆರು ತಗಡುಗಳಲ್ಲಿ ಕೊರೆದು, ಹಾಳೆಗಳನ್ನು ಜೋಡಿಸಿದರೆ ಗೋಡೆ ತುಂಬುವ ಚಿತ್ರ. ಮುಂದೆ ಕಪ್ಪಗೆ ಆಳವಾಗಿ ಕೊರೆದ ಕುದುರೆ, ಸೈನಿಕರು. ಹಿಂದೆ ಹೋದಂತೆ ನೆಲ ಮೇಲೆದ್ದು ನಕ್ಷೆಯೇ ಆಗಿ, ಕೋಟೆ ಕಂದಕಗಳು ತಿಳಿಗೆರೆಯಲ್ಲಿ ಅಳತೆಗೆ ನಿಲ್ಲುತ್ತವೆ. ಚಿತ್ರ ಎಲ್ಲಿ ಮುಗಿದು ನಕ್ಷೆ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು.

ಅಚ್ಚು, ದುರಸ್ತಿ

ಬೆಂದ ವಾರ್ನಿಷ್ ಸೀಮೆಎಣ್ಣೆಗೆ ಬಿಡುವುದಿಲ್ಲ. ಹಿಂದೆ ಮೆದು ಇದ್ದಲು, ನೀರು ಹಾಕಿ ಉಜ್ಜುತ್ತಿದ್ದರು, ಈಗ ಶೇ. 5ರ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಮುಳುಗಿಸಿಟ್ಟರೆ ಮೆತ್ತಗಾಗಿ ಬರುತ್ತದೆ. ಗವಸು ತೆಗೆಯಬೇಡಿ.

ಶೇ. 100 ಹತ್ತಿಯ 250–300 ಜಿಎಸ್‌ಎಂ ಕಾಗದವನ್ನು ಅರ್ಧ ಗಂಟೆಯಾದರೂ ನೆನೆಸಿ, ಬ್ಲಾಟರ್ ನಡುವೆ ಒತ್ತಿ. ಹೊಳಪು ಕಾಣಬಾರದು, ತಂಪು ಉಳಿದಿರಬೇಕು. ತಗಡನ್ನು ಕೈ ತಾಳುವಷ್ಟು ಬೆಚ್ಚಗಿಟ್ಟು ಗಟ್ಟಿ ಎಚಿಂಗ್ ಕಪ್ಪು ತುಂಬಿ, ಗಂಜಿಬಟ್ಟೆಯಿಂದ ಸುತ್ತು ಸುತ್ತಾಗಿ ಒರೆಸಿ, ಕೊನೆಗೆ ಸೀಮೆಸುಣ್ಣದ ಪುಡಿ ಸವರಿದ ಅಂಗೈ. ನಕ್ಷೆಯ ಅಚ್ಚಿಗೆ ಮೈ ಪೂರ್ತಿ ಬಿಳಿಯಾಗಬೇಕು. ಭೂದೃಶ್ಯಕ್ಕೆ ಚೆಂದ ಕೊಡುವ ಮಸಿಯ ಮಂಜು ಇಲ್ಲಿ ಗ್ಲಾಸಿಯನ್ನೂ ಬಯಲನ್ನೂ ಒಂದು ಮಾಡುತ್ತದೆ.

ಒದ್ದೆಯಿದ್ದಾಗ ಹಿಗ್ಗಿದ ಕಾಗದ ಒಣಗಿ ಶೇ. 1ರಿಂದ 2 ಕುಗ್ಗುತ್ತದೆ, ಉದ್ದಕ್ಕೂ ಅಗಲಕ್ಕೂ ಒಂದೇ ಸಮ ಅಲ್ಲ. 72 ಮಿ.ಮೀ. ಬಾಹು ಅಚ್ಚಿನಲ್ಲಿ 71ರ ಆಸುಪಾಸು ಬರುತ್ತದೆ. ಆದ್ದರಿಂದ ‘1:4870’ ಎಂದು ಅಂಕಿ ಬರೆಯದೆ, ತುವಾಸ್ ಪಟ್ಟಿಯನ್ನು ತಗಡಿನಲ್ಲೇ ಕೊರೆಯಬೇಕು. ಕಾಗದದ ಜೊತೆ ಅದೂ ಕುಗ್ಗುತ್ತದೆ. ಎರಡು ದಿಕ್ಕಿಗೂ ಒಂದೊಂದು ಪಟ್ಟಿಯಿದ್ದರೆ ಇನ್ನೂ ಒಳ್ಳೆಯದು.

ಮೊದಲ ಅಚ್ಚು ತೆಗೆದಕೂಡಲೇ, ಮಸಿ ಹಸಿಯಿರುವಾಗಲೇ ಅದರ ಮೇಲೆ ಇನ್ನೊಂದು ಒದ್ದೆ ಹಾಳೆಯಿಟ್ಟು ಮತ್ತೆ ಪ್ರೆಸ್ಸಿನಲ್ಲಿ ಹಾಯಿಸಿ. ಈ ಮರು ಅಚ್ಚು ತಗಡಿನ ದಿಕ್ಕಿನಲ್ಲೇ ಇರುತ್ತದೆ, ತಿದ್ದುವ ಜಾಗಗಳನ್ನು ತಲೆಯಲ್ಲಿ ತಿರುಗಿಸದೆ ನೇರ ಗುರುತಿಸಬಹುದು. ತಿದ್ದುಪಡಿ ಮೂರು ಬಗೆ. ಬೇಡದ ಚುಕ್ಕೆಗಳನ್ನು ಸ್ಕ್ರೇಪರ್‌ನಿಂದ ಕೆತ್ತಿ ಬರ್ನಿಷರ್‌ನಿಂದ ಒತ್ತುವುದು. ಮಸುಕಾದ ಗೆರೆಗೆ ಬ್ಯೂರಿನ್ ಹಾಕುವುದು. ಆ ಕಾಲದವರೂ ಆಮ್ಲದ ಕೆಲಸವನ್ನು ಬ್ಯೂರಿನ್‌ನಿಂದಲೇ ಮುಗಿಸುತ್ತಿದ್ದರು, ಅದರಲ್ಲಿ ಮೋಸವೇನೂ ಇಲ್ಲ. ಗುಂಡಿಬಿದ್ದ ಮೂಲೆ ಇವೆರಡಕ್ಕೂ ಬಗ್ಗದು. ಅದನ್ನು ಕೆತ್ತಿ ನುಣುಪು ಮಾಡಿ, ತಗ್ಗಾದ ಜಾಗವನ್ನು ಬೆನ್ನಿನಿಂದ ಸಣ್ಣ ಸುತ್ತಿಗೆಯಿಂದ ತಟ್ಟಿ ಮಟ್ಟಕ್ಕೆ ತಂದು, ಮೇಣದ ಗ್ರೌಂಡ್ ಹಾಕಿ ಆ ತುಣುಕಷ್ಟನ್ನೇ ಮತ್ತೆ ಕೊರೆಯಬೇಕು. ಬೆನ್ನಿನಲ್ಲಿ ಜಾಗ ಹುಡುಕಲು ಉದ್ದಕಾಲಿನ ಕ್ಯಾಲಿಪರ್ ಬಳಸಿ. ಅಂದಾಜಿಗೆ ಹೊಡೆದರೆ ಪಕ್ಕದ ರಾವೆಲಿನ್ ಉಬ್ಬುತ್ತದೆ.

ಬಳಸಿದ ಫೆರಿಕ್‌ನಲ್ಲಿ ಕರಗಿದ ತಾಮ್ರವಿರುತ್ತದೆ, ಮೋರಿಗೆ ಬಿಡಬಾರದು. ಅಗಲ ಬಕೆಟ್‌ನಲ್ಲಿ ವಾಷಿಂಗ್ ಸೋಡಾವನ್ನು ನೊರೆ ಏಳುವುದು ನಿಲ್ಲುವತನಕ ಸ್ವಲ್ಪ ಸ್ವಲ್ಪವೇ ಸೇರಿಸಿ, ಕೆಳಗೆ ಕೂತ ಕೆಸರನ್ನು ಒಣಗಿಸಿ ಅಪಾಯಕಾರಿ ಕಸ ಪಡೆಯುವವರಿಗೆ ಕೊಡಿ. ತಗಡನ್ನು ಇಡುವ ಮೊದಲು ಗೆರೆಯೊಳಗಿನ ಮಸಿಯನ್ನೆಲ್ಲ ತೆಗೆದು ತೆಳ್ಳಗೆ ಮೇಣದ ಗ್ರೌಂಡ್ ಬಳಿದು ಕಾಗದ ಸುತ್ತಿ. ಒಣಗಿದ ಮಸಿ ತಿಳಿಗೆರೆಗಳಲ್ಲಿ ಕಲ್ಲಾಗುತ್ತದೆ, ಮುಂದಿನ ಸಲ ಮೊದಲು ಮಾಯವಾಗುವುದು 6 ನಿಮಿಷದ ಆ ಚುಕ್ಕಿಗೆರೆಗಳೇ.